.455 ರಿವಾಲ್ವರ್ ಮತ್ತು ಕಾವೇರಿ–ಕಬಿನಿ ಸೀಮೆಯ ನಾಲ್ಕು ತಾಲ್ಲೂಕು: ಒಂದು ಟಿಪ್ಪಣಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಕೋವಿ ಎಂದರೆ ಉದ್ದ ನಳಿಗೆಯದು. ಹಂದಿ ಕಾಯಲು ಅಟ್ಟಣೆಯಲ್ಲಿ ಒರಗಿಸಿಟ್ಟುಕೊಳ್ಳುವ ಕೇಪಿನ ಕೋವಿ, ಇಲ್ಲವೇ ತೋಟಾ ಹಾಕುವ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ. ಬೆಳೆ ರಕ್ಷಣೆಯ ಹೆಸರಿನಲ್ಲಿ ಪರವಾನಗಿ. ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ, ಎಣಿಕೆ ಮುಗಿದ ಮೇಲೆ ವಾಪಸು. ಈ ಕೋವಿಗಳ ಲೆಕ್ಕಪತ್ರ ಊರಿನವರಿಗೆಲ್ಲ ಗೊತ್ತಿರುವ ವಿಷಯ.

ರಿವಾಲ್ವರಿನ ಮಾತು ಬಂದಾಗ ಮಾತ್ರ ತಿಳಿವಳಿಕೆ ಮಸುಕಾಗುತ್ತದೆ. ಅದರಲ್ಲೂ ಬ್ರಿಟಿಷರ ಕಾಲದ ದಪ್ಪ ಬೋರಿನ ವೆಬ್ಲಿ ಎಂದರೆ, ‘ನೂರು ವರ್ಷದ ಹಳೆಯ ವಸ್ತು, ಮನೆಯಲ್ಲಿಟ್ಟುಕೊಂಡರೆ ತಪ್ಪೇನು, ತೋಟದಲ್ಲಿ ಗುರಿ ಕಟ್ಟಿ ನಾಲ್ಕು ಈಡು ಹೊಡೆದರೆ ತಪ್ಪೇನು’ ಎನ್ನುವವರು ಓದಿದವರಲ್ಲೂ ಇದ್ದಾರೆ. ಈ ಎಣಿಕೆ ತಪ್ಪು. ಕಾನೂನು ಮೊದಲು ಕೇಳುವುದು ಅದರ ಸಿಲಿಂಡರಿನಲ್ಲಿ ಯಾವ ತೋಟಾ ಕೂರುತ್ತದೆ ಎಂದು. ವಯಸ್ಸಿನ ಪ್ರಶ್ನೆ ಆಮೇಲಿನದು.

ಮೊದಲು ವಸ್ತುವನ್ನೇ ನೋಡೋಣ. .455 ಬೋರಿನ ವೆಬ್ಲಿ ಮಾರ್ಕ್ 1 ಬ್ರಿಟಿಷ್ ಸೇನೆಗೆ ಬಂದದ್ದು 1887ರಲ್ಲಿ. ಹೆಚ್ಚು ಹೆಸರಾದ ಮಾರ್ಕ್ 6 ಬಂದದ್ದು 1915ರಲ್ಲಿ. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದಾಗ ಬ್ರಿಟಿಷ್ ಸೇನೆಯ ಅಧಿಕೃತ ರಿವಾಲ್ವರ್ ಇದೇ. ಆರು ಅಂಗುಲದ ನಳಿಗೆ, ಒಂದು ಕಿಲೋ ದಾಟುವ ತೂಕ. ಎಡಬದಿಯ ಕೀಲನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ರಿವಾಲ್ವರ್ ನಡುವಿಗೆ ತೆರೆದುಕೊಳ್ಳುತ್ತದೆ. ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ತಟ್ಟೆಯೊಂದು ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಹೊರಕ್ಕೆ ಚೆಲ್ಲುತ್ತದೆ. ಗುಂಡಿನ ತೂಕ ಸುಮಾರು 17 ಗ್ರಾಂ, ವೇಗ ಸೆಕೆಂಡಿಗೆ 200 ಮೀಟರಿಗೂ ಕಡಿಮೆ. ಭಾರದ ಗುಂಡು, ನಿಧಾನದ ಓಟ. ಹಾಗಾಗಿ ಒದೆತವೂ ಚುರುಕಾಗಿ ಹೊಡೆಯುವುದಕ್ಕಿಂತ ಕೈಯನ್ನು ಹಿಂದಕ್ಕೆ ದಬ್ಬಿದಂತಿರುತ್ತದೆ. ಗುರಿಗಾರಿಕೆಯ ಹವ್ಯಾಸಿಗಳು ಹೊರದೇಶಗಳಲ್ಲಿ ಇದನ್ನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಇನ್ನು ಕಾನೂನು. 1959ರ ಆಯುಧ ಕಾಯ್ದೆ ಜಾರಿಗೆ ಬಂದದ್ದು 1962ರಲ್ಲಿ. ಅದರ ನಿಯಮಗಳ ಮೊದಲ ಅನುಸೂಚಿ .380 ಅಥವಾ .455 ರಿಮ್ ತೋಟಾ ಹಾರಿಸಬಲ್ಲ ಯಾವುದೇ ಪಿಸ್ತೂಲು, ರಿವಾಲ್ವರನ್ನು ನಿಷೇಧಿತ ವರ್ಗಕ್ಕೆ ಸೇರಿಸುತ್ತದೆ. ಇವು ಸೇನೆಯ ತೋಟಾಗಳೆಂಬುದೇ ಕಾರಣ. ಅಮೆರಿಕದಲ್ಲಿ ಅನೇಕರು ಇದೇ ವೆಬ್ಲಿಯ ಸಿಲಿಂಡರಿನ ಹಿಂಬದಿಯನ್ನು ಸವೆಸಿ .45 ರಿಮ್‌ರಹಿತ ತೋಟಾಕ್ಕೆ ಹೊಂದಿಸಿಕೊಂಡರು. ನಮ್ಮಲ್ಲಿ ಆ ತೋಟಾವೂ ಅದೇ ಸಾಲಿನಲ್ಲಿದೆ. ಸಾಮಾನ್ಯ ಬೋರಿನ ಪರವಾನಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ನಿಷೇಧಿತ ಬೋರಿನದಕ್ಕೆ ಕೇಂದ್ರ ಗೃಹ ಸಚಿವಾಲಯದ ತನಕ ಹೋಗಬೇಕು. ಶಿಕ್ಷೆಯೂ ಸಣ್ಣದಲ್ಲ: 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ನಿಷೇಧಿತ ಆಯುಧಕ್ಕೆ 7ರಿಂದ 14 ವರ್ಷ ಸೆರೆವಾಸ.

ತಮಾಷೆಯೆಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ವೆಬ್ಲಿ ಸಂತತಿಯದೇ. ಅದೇ ರೀತಿ ನಡುವಿಗೆ ತೆರೆಯುತ್ತದೆ, ಅದೇ ಆರು ತೋಟಾ. ಬೋರ್ ಕಿರಿದಾದ್ದರಿಂದ ಜಿಲ್ಲಾಧಿಕಾರಿಯ ಪರವಾನಗಿಯೇ ಸಾಕು.

‘ಪುರಾತನ ವಸ್ತು’ ಎಂಬ ವಾದಕ್ಕೆ ಕಾಯ್ದೆಯ 45ನೇ ಕಲಂ ಆಧಾರವೆಂದು ಹೇಳುವುದುಂಟು. ಆ ಕಲಂ ಹಳೆಯ ಮಾದರಿಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಗುಂಡು ಹಾರಿಸುವಂತಿರಬಾರದು. ಗುರಿಗೆ ಹೊಡೆಯಬಲ್ಲ ವೆಬ್ಲಿಗೆ ಈ ವಿನಾಯಿತಿಯಿಲ್ಲ. ವಿನಾಯಿತಿ ದಕ್ಕುವ ವೆಬ್ಲಿಯಿಂದ ಗುರಿ ಹೊಡೆಯಲಾಗದು.

ಕ್ಲಬ್ಬಿನ ದಾರಿಯೂ ಇಷ್ಟೇ ಇಕ್ಕಟ್ಟು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಕಾಯ್ದೆ ಕೊಡುವ ಸಡಿಲಿಕೆ .22 ರೈಫಲ್ ಮತ್ತು ಏರ್ ರೈಫಲ್‌ಗಳಿಗೆ. ಅಂತರರಾಷ್ಟ್ರೀಯ ಸ್ಪರ್ಧೆಯ 25 ಮೀಟರ್ ಸೆಂಟರ್‌ಫೈರ್ ವಿಭಾಗದಲ್ಲಿ 7.62ರಿಂದ 9.65 ಮಿ.ಮೀ. ಬೋರಿಗೆ ಮಾತ್ರ ಅವಕಾಶ; .455 ಎಂದರೆ 11 ಮಿ.ಮೀ. ಮೀರಿದ್ದು. ಅಂದರೆ ಪರವಾನಗಿ ಸಿಕ್ಕರೂ ಆ ಸ್ಪರ್ಧೆಗೆ ಇಳಿಯುವಂತಿಲ್ಲ.

ಪಿರಿಯಾಪಟ್ಟಣದವರು ಇಲ್ಲಿ ಕೊಡಗಿನತ್ತ ಕೈ ತೋರಿಸುತ್ತಾರೆ. ಕೊಪ್ಪದ ಸೇತುವೆ ದಾಟಿದರೆ ಕುಶಾಲನಗರ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ, ಸದ್ಯ 2029ರ ಅಕ್ಟೋಬರ್ 31ರವರೆಗೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸಂಪ್ರದಾಯ ಅಲ್ಲಿನ ಸಾರ್ವಜನಿಕ ಹೆಮ್ಮೆ. ಆದರೆ ಅದು ಕೋವಿಯ ಆಟ. ಹೊರಜಿಲ್ಲೆಗೆ ಹೋಗುವಾಗ ಒಯ್ಯಬಹುದಾದದ್ದೆಂದು 1963ರ ಅಧಿಸೂಚನೆ ಹೇಳಿದ್ದು 100 ಸುತ್ತಿನೊಡನೆ ಒಂದು ರೈಫಲ್, 500 ತೋಟಾದೊಡನೆ ಒಂದು ಬಂದೂಕು. ಆ ಪಟ್ಟಿಯಲ್ಲಿ ರಿವಾಲ್ವರ್ ಇಲ್ಲ. ಕೊಡಗಿನ ಉದಾಹರಣೆ ಈ ಚರ್ಚೆಗೆ ಒದಗುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಕಾಡಂಚಿನ ಹಳ್ಳಿಗಳಿಗೆ ಇನ್ನೊಂದು ತೊಡಕಿದೆ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದಿಂದ 10 ಕಿ.ಮೀ. ಒಳಗೆ ಹೊಸ ಆಯುಧ ಪರವಾನಗಿ ಕೊಡಲು 1972ರ ವನ್ಯಜೀವಿ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ನಾಗರಹೊಳೆಗೆ ಹೊಂದಿಕೊಂಡ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಊರುಗಳಿಗೆ ಇದು ಅನ್ವಯಿಸುತ್ತದೆ.

ತಾತನ ಕಾಲದ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಕ್ಕರೆ ಮಾಡಬೇಕಾದದ್ದನ್ನು ಕಾಯ್ದೆಯ 21ನೇ ಕಲಂ ಹೇಳುತ್ತದೆ: ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿಯುಳ್ಳ ಆಯುಧ ವ್ಯಾಪಾರಿಯಲ್ಲೋ ಠೇವಣಿಯಿಟ್ಟು, ವಾರಸುದಾರರ ಅರ್ಜಿ ಹಾಕುವುದು. ಮಹಾರಾಜರೇ ಕೊಟ್ಟದ್ದೆಂಬ ಮನೆಮಾತನ್ನು ಸಂಶೋಧಕ ನಂಬಬೇಕಾದರೆ ಪರವಾನಗಿ ಪುಸ್ತಕ ಬೇಕು. ಹಳೆಯ ಪುಸ್ತಕಗಳಲ್ಲಿ ಆಯುಧದ ನಂಬರು, ಬೋರು, ನವೀಕರಣದ ಮೊಹರು ಇರುತ್ತವೆ. ರಿವಾಲ್ವರಿನ ಮೈಮೇಲೆ ಕೊರೆದ ಕಂಪನಿಯ ಹೆಸರು, ಇಸವಿಯೊಡನೆ ಅವನ್ನು ತಾಳೆ ನೋಡಬಹುದು. ಈ ನಾಲ್ಕು ತಾಲ್ಲೂಕಿನ ಮನೆಗಳವರಲ್ಲಿ ನನ್ನ ಕೋರಿಕೆ ಇಷ್ಟೇ: ಆಯುಧ ಠಾಣೆಗೆ ಹೋದರೂ ಆ ಪುಸ್ತಕವನ್ನೂ ಠೇವಣಿ ರಸೀದಿಯನ್ನೂ ರದ್ದಿಗೆ ಹಾಕಬೇಡಿ.