ತೋಪು ಎಳೆದ ಎತ್ತುಗಳು: 1778–1784ರ ಜಾಗತಿಕ ಯುದ್ಧ ಮತ್ತು ಕಡೂರು ಸೀಮೆಯ ಕಾವಲುಗಳು

ಎರಡನೆಯ ಆಂಗ್ಲೋ-ಮೈಸೂರು ಯುದ್ಧವನ್ನು ಹೈದರ್ ಅಲಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಕಾಳಗವೆಂದು ಓದಿ ಬೆಳೆದವರು ನಾವು. ಆ ಯುದ್ಧದ ಕಿಡಿ ಹೊತ್ತಿದ್ದು ಅಮೆರಿಕದಲ್ಲಿ. ಅಲ್ಲಿನ ವಸಾಹತುಗಳು 1775ರಲ್ಲಿ ಬ್ರಿಟನ್ನಿನ ವಿರುದ್ಧ ದಂಗೆಯೆದ್ದವು. 1777ರ ಅಕ್ಟೋಬರಿನಲ್ಲಿ ಸಾರಾಟೋಗದಲ್ಲಿ ಬ್ರಿಟಿಷ್ ಸೈನ್ಯ ಶರಣಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕನ್ನರೊಡನೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಸ್ಪೇನ್ ಸೇರಿಕೊಂಡಿತು, ಡಚ್ಚರೂ ಯುದ್ಧಕ್ಕೆ ಎಳೆಯಲ್ಪಟ್ಟರು. ಹೀಗೆ ಕಾಳಗ ಕೆರಿಬಿಯನ್ ದ್ವೀಪಗಳಿಂದ ಜಿಬ್ರಾಲ್ಟರಿಗೆ, ಅಲ್ಲಿಂದ ಕೋರಮಂಡಲ ತೀರಕ್ಕೆ ಹಬ್ಬಿತು. ಈ ಯುದ್ಧದಲ್ಲಿ ಮೈಸೂರು ಹೇಗೆ ನಾಲ್ಕು ವರ್ಷ ನಿಂತಿತು ಎಂಬ ಪ್ರಶ್ನೆಗೆ ರಾಕೆಟ್ಟು, ಕುದುರೆ, ಫ್ರೆಂಚರ ನೆರವು ಎಂದು ಉತ್ತರ ಹೇಳುವ ರೂಢಿಯಿದೆ. ಕಡೂರು, ತರೀಕೆರೆ, ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರ ಮತ್ತು ಅಂಥ ಇತರ ಬಯಲು ಸೀಮೆಗಳ ಹುಲ್ಲುಗಾವಲುಗಳನ್ನು ಬಿಟ್ಟರೆ ಆ ಉತ್ತರ ಪೂರ್ತಿಯಾಗದು ಎಂಬುದು ಈ ಲೇಖನದ ವಾದ.

ಯುದ್ಧದ ಕಾರಣಗಳಲ್ಲಿ ಮೈಸೂರಿನದೇ ಆದವೂ ಇದ್ದವು. 1769ರ ಮದ್ರಾಸ್ ಒಪ್ಪಂದದ ಪ್ರಕಾರ ಕಂಪನಿ ಹೈದರನ ನೆರವಿಗೆ ಬರಬೇಕಿತ್ತು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಅದು ಕೈಕಟ್ಟಿ ಕುಳಿತಿತು. ಆ ಸಿಟ್ಟು ಹತ್ತು ವರ್ಷ ಆರಿರಲಿಲ್ಲ. ಫ್ರಾನ್ಸ್ ಯುದ್ಧಕ್ಕಿಳಿದ ಸುದ್ದಿ ಬರುತ್ತಲೇ ಕಂಪನಿ 1778ರ ಅಕ್ಟೋಬರಿನಲ್ಲಿ ಪಾಂಡಿಚೇರಿಯನ್ನೂ 1779ರ ಮಾರ್ಚಿನಲ್ಲಿ ಮಲಬಾರ್ ತೀರದ ಮಾಹೆಯನ್ನೂ ಹಿಡಿಯಿತು. ಮಾಹೆ ಫ್ರೆಂಚರ ಬಂದರಾದರೂ ತನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಮೊದಲೇ ಎಚ್ಚರಿಸಿದ್ದ. ಅವನ ಸೈನ್ಯಕ್ಕೆ ಬೇಕಾದ ಯುದ್ಧಸಾಮಗ್ರಿ ಬರುತ್ತಿದ್ದುದು ಆ ಬಾಗಿಲಿನಿಂದಲೇ. ಮರಾಠರೊಡನೆ, ನಿಜಾಮನೊಡನೆ ಮಾತು ಮುಗಿಸಿಕೊಂಡು 1780ರ ಜುಲೈಯಲ್ಲಿ ಅವನು ಘಟ್ಟ ಇಳಿದು ಕರ್ನಾಟಿಕ್ ಪ್ರಾಂತಕ್ಕೆ ನುಗ್ಗಿದ.

ಇಂಥ ದಂಡು ಸಾಗುವುದು ತೋಪಿನ ಗಾಡಿ ಎಷ್ಟು ಬೇಗ ಉರುಳುತ್ತದೆ ಎಂಬುದರ ಮೇಲೆ. ಅದನ್ನು ಎಳೆಯುವ ಎತ್ತುಗಳ ವ್ಯವಸ್ಥೆ ಮೈಸೂರಿನಲ್ಲಿ ಒಂದು ಶತಮಾನದಿಂದ ಬೆಳೆದು ಬಂದಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅದು ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಬೆಣ್ಣೆ ಚಾವಡಿ. ಹೈದರ್ ಅದೇ ತಳಿಯನ್ನು ದಂಡಿನ ಕೆಲಸಕ್ಕೆ ತಿರುಗಿಸಿ, ಪಾಳೆಯಗಾರರ ಸೀಮೆಗಳಿಂದ ಒಳ್ಳೆಯ ದನ ತರಿಸಿ ಹಿಂಡು ಹೆಚ್ಚಿಸಿದ. ಅವನ ಮಗ ಟಿಪ್ಪು ಇದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಸಾಕಣೆಯ ನಿಯಮಗಳನ್ನು ಹುಕುಂನಾಮೆಯಲ್ಲಿ ಬರೆಸಿದ.

ಅಮೃತಮಹಲ್ ದನ ಹಾಲಿನ ದನವಲ್ಲ, ಕರುವಿಗೆ ಸಾಕಾದರೆ ಸಾಕು ಎಂಬಷ್ಟೇ ಕೆಚ್ಚಲು. ಬೂದು ಮೈ, ಹೋರಿಯಾದರೆ ಕತ್ತು ಭುಜದ ಕಡೆ ಕಪ್ಪೇರುತ್ತದೆ. ಉದ್ದನೆಯ ಕಿರಿದಾದ ಮುಖ, ಹಣೆಯ ನಡುವೆ ಉದ್ದಕ್ಕೆ ಒಂದು ತಗ್ಗು. ಕೊಂಬುಗಳು ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಚೂಪಾಗುತ್ತವೆ. ಸಣ್ಣ ಕಾಲು, ಗಟ್ಟಿ ಗೊರಸು. ಗುರುತಿಲ್ಲದವರು ಹತ್ತಿರ ಬಂದರೆ ಹಾಯಲು ಹಿಂದೆಮುಂದೆ ನೋಡುವುದಿಲ್ಲ. ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಬೆಳೆದ ಪ್ರಾಣಿಗೆ ಈ ಮೈಕಟ್ಟು ಬರುವುದಿಲ್ಲ. ವರ್ಷವಿಡೀ ಬಯಲಲ್ಲಿ ಮೇದು, ನೀರಿಗಾಗಿ ಮೈಲಿಗಟ್ಟಲೆ ನಡೆದು ಗಳಿಸಿದ್ದು ಅದು.

ಅದಕ್ಕಾಗಿಯೇ ಕಾವಲುಗಳು, ಎಂದರೆ ಈ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳು. ಅವನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಹಿಂಡಿನ ಉಸ್ತುವಾರಿಯ ಸೇರ್ವೆಗಾರರು ದನ ಹೊಡೆದುಕೊಂಡು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಹೋಗುತ್ತಿದ್ದರು. ಕಡೂರು ಸೀಮೆಯ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಬಾಬಾಬುಡನ್ ಗಿರಿಸಾಲು ಮುಂಗಾರಿನ ಮೋಡ ತಡೆಯುವುದರಿಂದ ಅದರ ಪೂರ್ವದ ಬಯಲು ಒಣನೆಲ, ಗಿಡ್ಡ ಹುಲ್ಲಿನ ಸೀಮೆ. ತರೀಕೆರೆಯ ಕಡೆ ಹೋದರೆ ಅರೆಮಲೆನಾಡು, ಬೇಸಿಗೆಯಲ್ಲೂ ನೆರಳು, ಕೆರೆಯಂಗಳದ ಹಸಿರು. ಕೆಲವೇ ಹರದಾರಿಗಳಲ್ಲಿ ಇಷ್ಟು ಬಗೆಯ ಮೇವು ಸಿಗುವ ಜಾಗ ಹಳೆಯ ಮೈಸೂರಿನಲ್ಲಿ ಹೆಚ್ಚಿಲ್ಲ.

ಈಗ ರಣರಂಗಕ್ಕೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಕರ್ನಲ್ ಬೇಯ್ಲಿಯ ಪಡೆ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇಂದಿಗೂ ಕಾಣುವುದು ಆ ಗೆಲುವಿನ ಚಿತ್ರವೇ. ಅದು ಮೊದಲ ತಿರುವು. ಎರಡನೆಯದು 1781ರ ಜೂನ್–ಜುಲೈ ತಿಂಗಳದು. ಬಂಗಾಳದಿಂದ ಬಂದ ಕಂಪನಿಯ ಸೇನಾಪತಿ ಐರ್ ಕೂಟ್ ಚಿದಂಬರದ ಮೇಲೆ ದಾಳಿ ಮಾಡಿ ಸೋತ. ಆ ಊರಿನ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಬಂದನೆಂದೂ ಅದಕ್ಕೆ ಈ ಎತ್ತುಗಳೇ ಕಾರಣವೆಂದೂ ಮೈಸೂರು ಗೆಜೆಟಿಯರು ದಾಖಲಿಸುತ್ತದೆ. ದಿನಕ್ಕೆ 40 ಮೈಲಿಯ ನಡಿಗೆ ಇಡೀ ದಂಡಿಗೆ ಸಾಧ್ಯವಿತ್ತೆಂದು ನನಗೆ ತೋರುವುದಿಲ್ಲ. ಹಗುರ ತೋಪುಗಳಿದ್ದ ಮುಂಚೂಣಿಯ ಮಾತಾದರೆ ಒಪ್ಪಬಹುದು. ಆದರೂ ಈ ಹೊಗಳಿಕೆ ಎದುರಾಳಿಗಳ ಕಡೆಯಿಂದ ಬಂದದ್ದು ಎಂಬುದನ್ನು ಮರೆಯಬಾರದು. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರ್ ಸೋತ. ಸೋತರೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆಸಿಕೊಂಡು ಹೊರಟುಹೋದ. ಗೆದ್ದ ಕೂಟನ ಬಳಿ ಅಟ್ಟಿಸಿಕೊಂಡು ಹೋಗಲು ಎತ್ತೂ ಸಾಲದು, ದವಸವೂ ಸಾಲದು. ನನ್ನ ದೃಷ್ಟಿಯಲ್ಲಿ ಈ ಯುದ್ಧದ ಗುಟ್ಟು ಇರುವುದು ಇಲ್ಲಿ: ಕಂಪನಿ ಕದನ ಗೆಲ್ಲುತ್ತಿತ್ತು, ಹೈದರ್ ದಂಡು ಉಳಿಸಿಕೊಳ್ಳುತ್ತಿದ್ದ.

ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ. ಅಮೆರಿಕದಲ್ಲಿ ಸೋತ ಬ್ರಿಟನ್ನಿಗೆ ಭಾರತವನ್ನು ಉಳಿಸಿಕೊಳ್ಳುವುದು ಇನ್ನಷ್ಟು ಮುಖ್ಯವಾಯಿತು. 1782ರ ಮೊದಲಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಕೋರಮಂಡಲ ತೀರಕ್ಕೆ ಬಂದ. ಎಡ್ವರ್ಡ್ ಹ್ಯೂಸನ ಬ್ರಿಟಿಷ್ ನೌಕಾಪಡೆಯೊಡನೆ ಅವನು ಐದು ಸಲ ಕಾದಾಡಿದರೂ ಯಾವುದೂ ನಿರ್ಣಾಯಕವಾಗಲಿಲ್ಲ. ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಸಮೀಪ ಬೀಡಿನಲ್ಲೇ ತೀರಿಕೊಂಡ.

ಮೂರನೆಯ ತಿರುವು ನಮ್ಮ ನೆರೆಯಲ್ಲೇ ನಡೆಯಿತು. 1783ರ ಜನವರಿಯಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು ಹಿಡಿದ. ಅಲ್ಲಿನ ಮೈಸೂರು ಅಧಿಕಾರಿ ಶೇಖ್ ಅಯಾಜ್ ಕೋಟೆ ಒಪ್ಪಿಸಿಬಿಟ್ಟಿದ್ದ. ಆಗ ಟಿಪ್ಪು ಇದ್ದದ್ದು ಪೂರ್ವದ ಕರ್ನಾಟಿಕ್ ಬಯಲಿನಲ್ಲಿ. ಅಲ್ಲಿಂದ ಪರ್ಯಾಯ ದ್ವೀಪವನ್ನು ಒಂದೇ ತಿಂಗಳಲ್ಲಿ ಅಡ್ಡಹಾಯ್ದು ಬಂದು, ಏಪ್ರಿಲ್ ಕೊನೆಯ ಹೊತ್ತಿಗೆ ಬಿದನೂರನ್ನು ಮತ್ತೆ ಕೈವಶ ಮಾಡಿಕೊಂಡ. ಗೆಜೆಟಿಯರು ಈ ನಡಿಗೆಯ ಹಿರಿಮೆಯನ್ನೂ ಅಮೃತಮಹಲ್ ಎತ್ತುಗಳಿಗೇ ಸಲ್ಲಿಸುತ್ತದೆ. ಬಿದನೂರು ಕೈಬಿಟ್ಟಿದ್ದರೆ ಮಲೆನಾಡಿನ ಅಕ್ಕಿಯೂ ಮೆಣಸೂ ಕರಾವಳಿಯ ದಾರಿಗಳೂ ಹೋಗುತ್ತಿದ್ದವು. ತರೀಕೆರೆ, ಕಡೂರಿನ ಬಯಲುಗಳು ಗಡಿನಾಡಾಗುತ್ತಿದ್ದವು.

ಯುದ್ಧ ಮುಗಿದದ್ದು ಯುರೋಪಿನಲ್ಲಿ. ಬ್ರಿಟನ್, ಫ್ರಾನ್ಸ್ 1783ರ ಜನವರಿ 20ರಂದು ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿದ್ದವು. ಇಂಗ್ಲಿಷರೂ ಫ್ರೆಂಚರೂ ಕಾದಾಡುತ್ತಿದ್ದ ಕಡಲೂರಿಗೆ ಆ ಸುದ್ದಿ ತಲುಪಿದ್ದು ಜೂನ್ ಕೊನೆಗೆ. ನಡುವಿನ ಐದು ತಿಂಗಳಲ್ಲಿ ಬಿದನೂರಿನಲ್ಲಿ, ಕಡಲೂರಿನಲ್ಲಿ ಸತ್ತವರು, ಲಂಡನ್ ಮತ್ತು ಪ್ಯಾರಿಸ್ ಆಗಲೇ ಕೈಬಿಟ್ಟಿದ್ದ ಯುದ್ಧಕ್ಕಾಗಿ ಸತ್ತರು. ಸುದ್ದಿ ಬಂದೊಡನೆ ಫ್ರೆಂಚರು, ಬಿದನೂರಿನ ನಂತರ ಟಿಪ್ಪು ಹಾಕಿದ್ದ ಮಂಗಳೂರಿನ ಮುತ್ತಿಗೆಯಿಂದಲೂ ಹಿಂದೆ ಸರಿದರು. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ, 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಮಾಡಿಕೊಂಡ. ಗೆದ್ದ ನೆಲವನ್ನು ಇಬ್ಬರೂ ಹಿಂದಿರುಗಿಸಿದರು.

ಎತ್ತಿನ ಬೆಲೆ ಏನೆಂದು ಇಂಗ್ಲಿಷರಿಗೆ ಪೂರ್ತಿ ತಿಳಿದದ್ದು ಮುಂದಿನ ಯುದ್ಧದಲ್ಲಿ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ ಅದೇ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಮ್ಮೆಟ್ಟಬೇಕಾಯಿತು. 1799ರ ನಂತರ ಅಮೃತಮಹಲ್ ಕಂಪನಿಯ ಪಾಲಾಯಿತು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡನ್ನೇ ಮಾರಿದರು. ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು. 1880ರ ದಶಕದ ಆರಂಭದಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರಿಂದ ಆ ಹಿಂಡಿನ ವಾರಸುದಾರ.

ಕಾವಲುಗಳ ಕಥೆ ಬೇರೆ. ಸಾಗುವಳಿ, ನೆಡುತೋಪು, ಊರುಗಳ ವಿಸ್ತರಣೆಗೆ ಅವು ಕರಗುತ್ತ ಬಂದಿವೆ. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ಭೂಮಿ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಸಮಾಧಾನದ ಸಂಗತಿ, ಅಲ್ಲಿ ಕೃಷ್ಣಮೃಗಕ್ಕೆ ನೆಲೆ ಸಿಕ್ಕಿದೆ. ಆದರೆ ಪೊಲ್ಲಿಲೂರಿನ ಚಿತ್ರಕ್ಕೆ ಸಿಕ್ಕ ಐತಿಹಾಸಿಕ ಸ್ಮಾರಕದ ಮನ್ನಣೆ ಒಂದು ಕಾವಲಿಗೂ ಸಿಕ್ಕಿಲ್ಲ.

ಈ ಭಾಗದ ಇತಿಹಾಸ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಮೂರೂ ತಾಲ್ಲೂಕುಗಳ ಹಳೆಯ ಕಂದಾಯ ನಕ್ಷೆಗಳಲ್ಲಿ ಕಾವಲುಗಳ ಎಲ್ಲೆ ಗುರುತಿಸಿ, ಹಿಂಡು ನಡೆದ ದಾರಿಗಳನ್ನು ಜೋಡಿಸಿ. ಸೇರ್ವೆಗಾರ ಮನೆತನಗಳ ಹಿರಿಯರು ಇರುವಾಗಲೇ ಅವರ ಮಾತು ಬರೆದಿಟ್ಟುಕೊಳ್ಳಿ.