ಹಂಚಿನ ಚೂರಿನಲ್ಲಿ ಗೋಳಿ

ನಮ್ಮ ಟೆರೇಸಿನ ಮೇಲಿರುವ ಮೊಳ ಎತ್ತರದ ಗೋಳಿಮರವನ್ನು ಕಂಡವರು ಮೊದಲು ಕೇಳುವುದು "ಎಷ್ಟು ಕೊಟ್ಟಿರಿ?" ಎಂದು. ಕಾಸೂ ಕೊಟ್ಟಿಲ್ಲ. ಅತ್ತೆಯವರ ಹಳೆಮನೆಯ ಗೋಡೆಯ ಬಿರುಕಿನಲ್ಲಿ ಯಾವುದೋ ಹಕ್ಕಿಯ ಕೃಪೆಯಿಂದ ಹುಟ್ಟಿದ್ದು ಅದು. ಗೋಡೆಯಲ್ಲಿ ಗೋಳಿ ಹುಟ್ಟಿದರೆ ಮನೆ ಉಳಿಯದು ಎಂದು ಅತ್ತೆ ಪ್ರತಿವರ್ಷ ಕೀಳಿಸುತ್ತಿದ್ದರು. ಕಡೆಗೆ ಮನೆ ಬಿದ್ದದ್ದು ಗೋಳಿಯಿಂದಲ್ಲ, ಪಾಲುಪಟ್ಟಿಯಿಂದ.

ಆ ಗೋಡೆಯಿಂದ ಎರಡು ಸಸಿ ತಂದಿದ್ದೆ. ಮೊದಲನೆಯದಕ್ಕೆ ಹಿತ್ತಿಲಿನ ಕೆಮ್ಮಣ್ಣು ತುಂಬಿ ಕೊಂದೆ. ಆಳವಿಲ್ಲದ ಕುಂಡದಲ್ಲಿ ಆ ಮಣ್ಣು ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಇಟ್ಟಿಗೆ. ಕಿತ್ತು ನೋಡಿದರೆ ಬೇರು ಕಪ್ಪಗೆ ಕೊಳೆತಿತ್ತು. ಬೋನ್ಸಾಯ್ ಕಲಿಸುವವರನ್ನು ಕೇಳಿದೆ. "ಅಕಾಡಾಮಾ ತರಿಸಿ" ಎಂದರು. ಬೆಲೆ ಕೇಳಿ ಸುಮ್ಮನೆ ಮನೆಗೆ ಬಂದೆ. ಮಣ್ಣಿಗೆ ಅಷ್ಟು ದುಡ್ಡು ಎಂದು ಯಜಮಾನರ ಎದುರು ಬಾಯಿ ಬಿಡುವುದು ಹೇಗೆ?

ಆದರೂ ಅದೇನು ಎಂಬ ಕುತೂಹಲ ಬಿಡಲಿಲ್ಲ. ಹುಡುಕಿ ಓದಿದೆ. ಜಪಾನಿನ ತೋಚಿಗಿ ಪ್ರಾಂತದಲ್ಲಿ ಅಗೆದು ತೆಗೆಯುವ ಜ್ವಾಲಾಮುಖಿ ಬೂದಿಯ ಮಣ್ಣು. ಹೆಸರಿನ ಅರ್ಥ "ಕೆಂಪು ಗುಂಡು" ಅಷ್ಟೇ. ಒಣಗಿಸಿ, ಜರಡಿ ಹಿಡಿದು, ಗಾತ್ರ ನೋಡಿ ಬೇರೆ ಮಾಡುತ್ತಾರೆ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೋ ಹಾಳಾದಾಗ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿ ಹುಡುಕಿಕೊಂಡು ಉತ್ತರದ ಓಮಿಯಾಕ್ಕೆ ಹೋದರು. 1925ರಿಂದ ಅಲ್ಲೊಂದು ಬೋನ್ಸಾಯ್ ಊರೇ ಬೆಳೆಯಿತು. ಆ ಸೀಮೆಯವರಿಗೆ ಬೂದಿಮಣ್ಣು ಕಾಲಡಿಯದು. ಹಡಗು ಹತ್ತಿ ನಮ್ಮಲ್ಲಿಗೆ ಬರುವಾಗ ತಾನೇ ಅದು ಬಂಗಾರವಾಗುವುದು!

ಹಾಗಾದರೆ ನಮ್ಮ ಕಾಲಡಿ ಏನಿದೆ? ಉತ್ತರ ಹಳೆಮನೆಯ ಅಂಗಳದಲ್ಲೇ ರಾಶಿ ಬಿದ್ದಿತ್ತು. ಗಟ್ಟಿ ಹಂಚುಗಳನ್ನು ಮಾರಿಯಾಗಿತ್ತು, ಒಡೆದವನ್ನು ಕೇಳುವವರಿರಲಿಲ್ಲ. ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಎಂಬಾತ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿ ದಡದ ಜೇಡಿಯನ್ನು ನಂಬಿ. ನಮ್ಮ ಕರಾವಳಿಯ ಎಷ್ಟು ಮುಳಿಹುಲ್ಲಿನ ಸೂರುಗಳಿಗೆ ಆಮೇಲೆ ಕೆಂಪು ಬಣ್ಣ ಬಂತು! ಸುಟ್ಟ ಜೇಡಿಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅದು ಒಂದಿಷ್ಟು ನೀರು ಹೀರಿ ಇಟ್ಟುಕೊಂಡು ಮಿಕ್ಕದ್ದನ್ನು ಬಿಡುತ್ತದೆ. ಬೇರಿಗೆ ಬೇಕಾದದ್ದೂ ಅಷ್ಟೇ, ನೀರಿನ ಜೊತೆ ಉಸಿರು. ಗೋಡೆಯ ಬಿರುಕಿನಲ್ಲಿ ಗೋಳಿ ಸೊಂಪಾಗಿದ್ದದ್ದು ಸುಮ್ಮನೆಯೇ?

ಹಂಚನ್ನು ಗೋಣಿಯಲ್ಲಿ ಸುತ್ತಿ ಜಜ್ಜಿದೆ. ತೊಗರಿಬೇಳೆಯಷ್ಟು ದಪ್ಪದ ಚೂರು ಉಳಿಸಿಕೊಂಡು, ಹುಡಿಯನ್ನು ನಿರ್ದಾಕ್ಷಿಣ್ಯವಾಗಿ ಚೆಲ್ಲಿದೆ. ಹುಡಿ ಉಳಿದರೆ ಮತ್ತೆ ಕೆಸರೇ. ಅಂಥ ಚೂರು ಎರಡು ಪಾಲು, ಹೊಳೆಯ ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತು ಒಣಗಿದ ಸೊಪ್ಪುಗೊಬ್ಬರ ಒಂದು ಪಾಲು. ಕಡಲ ಮರಳು ಬೇಡ, ಉಪ್ಪು. ಹಂಚಿನಲ್ಲಿ ಸತ್ವವೇನೂ ಇಲ್ಲ, ಆದ್ದರಿಂದ ಆಗಾಗ ಚಿಟಿಕೆ ಕಡಲೆಹಿಂಡಿ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು. ಇದು ಅಕಾಡಾಮಾದಷ್ಟು ತೇವ ಹಿಡಿಯದು, ಸುಳ್ಳೇಕೆ ಹೇಳಲಿ.

ಎರಡನೆಯ ಸಸಿ ಅದರಲ್ಲಿ ಹೊಸ ಎಲೆ ಬಿಟ್ಟಿತು. ಆಮೇಲಿನ ಮಳೆಗಾಲವನ್ನೂ ದಾಟಿತು.

ಅತ್ತೆ ನಮ್ಮಲ್ಲಿಗೆ ಬಂದಾಗ ಅದರ ಹತ್ತಿರ ಹೋಗಿರಲಿಲ್ಲ. ಶಕುನದ ಭಯವೋ, ಹಳೆಯ ಸಂಕಟವೋ. ಒಂದು ಸಂಜೆ ತಾವಾಗಿಯೇ ಬಗ್ಗಿ, ಕುಂಡದಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರು. ಒಂದು ಬದಿ ಕಪ್ಪಗಿತ್ತು.

"ಇದು ಅಡುಗೆಮನೆಯದ್ದು ಮಾರಾಯ್ತಿ, ಹೊಗೆ ಹಿಡಿದದ್ದು" ಎಂದರು. ಆಮೇಲೆ ಅದನ್ನು ಬುಡದ ಹತ್ತಿರವೇ ಇಟ್ಟು, ಬೆರಳಿನಿಂದ ಒತ್ತಿದರು.