ನಮ್ಮೂರ ಗಾಡಿ ಕಥೆ – 4: ಪೆಟ್ಟು ತಿನ್ನುವ ರಬ್ಬರ್

ಪುತ್ತೂರು, ಸುಳ್ಯ, ಕಡಬದ ಒಳದಾರಿಗಳಲ್ಲಿ ಸರ್ವಿಸ್ ಜೀಪು ಹತ್ತಿದ ನೆನಪು ಮನೆಯ ಹಿರಿಯರಿಗೆ ಉಂಟು, ಕೇಳಿ ನೋಡಿ. ಒಳಗೆ ಕೂತವರೆಷ್ಟೋ, ಹಿಂದೆ ನೇತಾಡುವವರೆಷ್ಟೋ! ಗುಂಡಿಗೆ ಬಿದ್ದಾಗ ‘ಡಬ್’ ಅಂತ ಶಬ್ದ. ಆಕ್ಸಲ್ ಮೇಲೆ ಬಂದು ಚಾಸಿಸ್ ಅಡಿಯ ರಬ್ಬರ್ ತುಂಡಿಗೆ ಗುದ್ದಿದ್ದು ಅದು. ಅದೇ ಬಂಪ್ ಸ್ಟಾಪ್.

ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪ್ ತಂದರು. ಯುದ್ಧಕ್ಕೆ ಹುಟ್ಟಿದ ಗಾಡಿ ನಮ್ಮಲ್ಲಿ ಅಡಿಕೆ ಮೂಟೆ ಹೊತ್ತಿತು. ಲೀಫ್ ಸ್ಪ್ರಿಂಗ್ ಕಾಲ. ರಬ್ಬರ್ ಒಡೆದರೆ ಬಗ್ಗಿ ನೋಡಿದರೆ ಸಾಕಿತ್ತು.

2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಆಮೇಲೆ 2013ರಲ್ಲಿ ಇಕೋಸ್ಪೋರ್ಟ್, 2016ರಲ್ಲಿ ಬ್ರೆಝಾ. ಇಂಥ ಗಾಡಿಗಳ ಮುಂಭಾಗದಲ್ಲಿ ಬಂಪ್ ಸ್ಟಾಪ್ ಶಾಕ್ ಅಬ್ಸಾರ್ಬರ್ ರಾಡಿಗೆ ಸಿಕ್ಕಿಸಿ, ಧೂಳಿನ ಕವರ್ ಒಳಗೆ ಅಡಗಿತು. ಕಾಣದ್ದನ್ನು ನಾವು ಮರೆತೆವು.

ಮರೆತರೆ? ಅದು ಪುಡಿಯಾದ ಮೇಲೆ ಪೆಟ್ಟು ಶಾಕ್ ಅಬ್ಸಾರ್ಬರಿಗೇ. ಸೀಲ್ ಹೋಗ್ತದೆ, ಆಯಿಲ್ ಸೋರ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿ ಸಂಪಾಜೆ ಘಾಟಿ ಹತ್ತುವ ಮೊದಲು ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಕವರ್ ಹರಿದಿದೆಯಾ? ಪುಡಿ ಉದುರಿದೆಯಾ? ಹಾಗಿದ್ದರೆ ಎಡ-ಬಲ ಎರಡೂ ಒಟ್ಟಿಗೆ ಬದಲಿಸಿ. ಶಾಕ್ ಹೊಸದು ಹಾಕುವಾಗ ಹಳೇ ಸ್ಟಾಪ್ ಮತ್ತೆ ಹಾಕಿಸಬೇಡಿ ಮಾರಾಯ್ರೆ.

ರಬ್ಬರ್ ಅಂದಾಗ ಇನ್ನೊಂದು ನೆನಪು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ನಮ್ಮೂರ ರಬ್ಬರ್ ತೋಟಗಳಲ್ಲಿ ಹಾಲು ತೆಗೆದವು. ಆ ಪೆಟ್ಟು ತಿಂದವರ ಕಥೆ ಮುಂದಿನ ಭಾಗದಲ್ಲಿ.

#ನಮ್ಮೂರಗಾಡಿಕಥೆ #ಪುತ್ತೂರು #ಸುಳ್ಯ #ಕಡಬ